ಪೂಜೆಗೆಂದು ಬಿಚ್ಚಿದ ನೀಲಿ ವೈರು

ನಾನು ಓದಿದ್ದು ಆರನೇ ಕ್ಲಾಸು. ಊರಿಗಾಂನ ಆಫೀಸೊಂದರಲ್ಲಿ ನನಗೆ ಅಟೆಂಡರ್ ಕೆಲಸ ಕೊಡಿಸಿದವಳು ನನ್ನ ತಂಗಿ. ಅವಳು ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬಂದು ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾಳೆ. ಅಂಥವಳ ಕೆಲಸಕ್ಕೇ ನಾನು ಕುತ್ತು ತಂದೆ.

ಒಳಗಿನ ಎ.ಸಿ. ರೂಮಿನಲ್ಲಿ ಮೇಲ್‌ಗೂ ಫೈಲುಗಳಿಗೂ ಎಂದು ಎರಡು ಸರ್ವರುಗಳಿವೆ. ಒಂದು ದುಡಿಯುವಾಗ ಇನ್ನೊಂದು ಕಾದಿರುತ್ತದೆ. ಒಂದು ನಿಂತರೆ ಇನ್ನೊಂದು ಅದೇ ಹೆಸರಿನಲ್ಲಿ ಕೆಲಸ ಮುಂದುವರಿಸುತ್ತದೆ. "ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು ಇದ್ದಂಗೆ ಅಣ್ಣಾ" ಎಂದಿದ್ದಳು ತಂಗಿ. ಗಣಿ ಕೆಲಸದವರ ಮಕ್ಕಳಿಗೆ ಅಷ್ಟು ಹೇಳಿದರೆ ಸಾಕು. ಎಲ್ಲರಿಗೂ ಬೇಕಾದ ಫೈಲುಗಳು ಪಕ್ಕದ ಪೆಟ್ಟಿಗೆಯಲ್ಲಿರುತ್ತವೆ. ಎರಡು ಸರ್ವರುಗಳಿಂದಲೂ ಅದಕ್ಕೆ ಒಂದೊಂದು ನೀಲಿ ವೈರು; ಮೇಲ್‌ಗೆ ಬೇರೆ ವೈರು.

ಆಯುಧಪೂಜೆಯ ಹಿಂದಿನ ದಿನ ಆ ರೂಮು ಒರೆಸುವುದು ನನ್ನ ಪಾಲಿಗೆ ಬಂತು. ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಗೆ ಇಳಿಯುತ್ತಿದ್ದ ನಮ್ಮಪ್ಪ, ಟೋಪಿಯ ದೀಪವನ್ನು ಬಿಚ್ಚಿ ಒರೆಸದೆ ಕುಂಕುಮ ಇಡುತ್ತಿರಲಿಲ್ಲ. ಗಣಿಯವರು ಸಾಲಾಗಿ ಕಟ್ಟಿಸಿಕೊಟ್ಟ ನಮ್ಮ ಲೈನ್ ಮನೆಗಳಲ್ಲೆಲ್ಲ ಅದೇ ಪದ್ಧತಿ. ನಾನೂ ಹಾಗೇ, ಕೆಲಸವಿಲ್ಲದೆ ಕಾದಿದ್ದ ಎರಡನೇ ಸರ್ವರಿನ ವೈರುಗಳನ್ನು ಕಿತ್ತು, ಒಣ ಬಟ್ಟೆಯಲ್ಲಿ ಒರೆಸಿ, ಮತ್ತೆ ಸಿಕ್ಕಿಸಿದೆ. ನೀಲಿ ವೈರನ್ನು ಎಲ್ಲಿಂದ ಕಿತ್ತೆ ಎಂಬುದು ಮಾತ್ರ ನೆನಪಾಗಲಿಲ್ಲ. ತೂತುಗಳೆಲ್ಲ ಒಂದೇ ಥರ. ಒಂದಕ್ಕೆ ಚುಚ್ಚಿದೆ. ಟಕ್ ಅಂತು, ಸರಿ ಅಂದುಕೊಂಡೆ.

ಹಬ್ಬ ಮುಗಿದ ಮೇಲೆ ಕೆಲಸ ಆ ಸರ್ವರಿಗೆ ಬದಲಾಯಿತು. ಮೇಲ್‌ಗಳು ಹೋಗುತ್ತಿದ್ದವು, ಬರುತ್ತಿದ್ದವು. ಫೈಲುಗಳ ಫೋಲ್ಡರ್ ಮಾತ್ರ ತೆರೆಯದು. ಮೊದಲಿನ ಸರ್ವರಿಗೆ ಬದಲಾಯಿಸಿದರೆ ತೆರೆಯುತ್ತದೆ! ತಂಗಿ ಪಾಸ್‌ವರ್ಡ್ ನೋಡಿದಳು, ಪರ್ಮಿಷನ್ ನೋಡಿದಳು. ವೈರಿನ ಪಕ್ಕ ಹಸಿರು ದೀಪ ಉರಿಯುತ್ತಿದ್ದುದರಿಂದ ಆ ಕಡೆ ಅನುಮಾನ ಬರಲಿಲ್ಲ.

"ಅಣ್ಣಾ, ಅಬ್ಬದಾಗೆ ಇದುನ್ನ ಯಾರಾನ ಮುಟ್ಟಿದ್ರಾ?"

"ಯಾರು ಮುಟ್ತಾರೆ ಕಣಮ್ಮಿ?" ಎಂದುಬಿಟ್ಟೆ. ಬಾಯಿಗೆ ಬಂದ ಆ ಸುಳ್ಳು ವಾಪಸು ಹೋಗಲಿಲ್ಲ.

ಮೊದಲನೆಯದು ಕೆಟ್ಟರೆ ಏನು ಗತಿ, ಶನಿವಾರದೊಳಗೆ ಸರಿಹೋಗದಿದ್ದರೆ ಅವಳು ಬರುವುದೇ ಬೇಡ ಎಂದರು ಸಾಹೇಬರು. ಶುಕ್ರವಾರ ಮಧ್ಯಾಹ್ನ ಅವಳು ತನ್ನ ಬುತ್ತಿಯನ್ನು ನನ್ನ ಕಡೆ ತಳ್ಳಿದಳು. "ನೀನೇ ತಿನ್ನಣ್ಣ, ನಂಗೆ ಒಳೀಕೆ ಓಗ್ತಿಲ್ಲ." ಅವಳು ಊಟ ಬಿಟ್ಟು ಅದು ಮೂರನೇ ದಿನ. ಹುರುಳಿಕಾಳಿನ ಸಾರಿನ ಆ ಡಬ್ಬಿಗೆ ಮುಚ್ಚಳ ಹಾಕಿದೆ.

"ಅಮ್ಮೀ, ನಾನು ಬಿಚ್ಚಿದ್ದೆ."

"ಏನ್ನ?"

"ನೀಲಿ ವೈರ್ನ. ಅಪ್ಪ ಬಿಚ್ತಿದ್ನಲ್ಲ, ಅಂಗೆ."

"ಅಪ್ಪ ಬಿಚ್ಚಿದ್ನ ಸರಿಯಾಗಿ ಸೇರಿಸ್ತಿದ್ದ ಕಣಣ್ಣಾ!" ಎನ್ನುತ್ತಾ ಎದ್ದು ಓಡಿದಳು. ವೈರು ಕಿತ್ತು ಪಕ್ಕದ ತೂತಿಗೆ ಹಾಕಿದಳು. ಫೋಲ್ಡರ್ ತೆರೆದುಕೊಂಡಿತು. ನನ್ನ ಬೆನ್ನಿಗೆ ಎರಡು ಗುದ್ದು ಬಿದ್ದವು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸಾಹೇಬರ ಮುಂದೆ ಅವಳು, "ವೈರು ತಪ್ಪು ಕಡೆ ಇತ್ತು ಸಾರ್" ಎಂದಳಷ್ಟೇ.

"ಮೂರು ದಿನ ನಿಮ್ಗೆ ಅದು ಕಾಣಿಸ್ಲಿಲ್ವಾ?"

ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದ ನಾನು ಒಳಗೆ ಹೋದೆ. "ಕಿತ್ತಿದ್ದು ನಾನು ಸಾರ್. ತಂಗಿ ಕೇಳಿದಾಗ ಸುಳ್ಳು ಏಳ್ದೆ."

ಸಾಹೇಬರು ಇಬ್ಬರ ಮುಖವನ್ನೂ ನೋಡಿದರು. "ನೀವು ಸೋಮವಾರ ಬನ್ನಿಯಮ್ಮ. ನೀನು ಆ ರೂಮಿನ ಕೀ ಕೊಡಪ್ಪ."

ಎರಡೂ ಕೈಯಿಂದ ಕೊಟ್ಟೆ. ಈಗ ಆ ರೂಮನ್ನು ಅವಳೇ ಗುಡಿಸುತ್ತಾಳೆ. ನಾನು ಪೊರಕೆ ಕೊಡಲು ಹೋದರೆ, "ಅಲ್ಲೇ ನಿಂತ್ಕೊಳಪ್ಪ ಪೂಜಾರಿ!" ಎಂದು ರೇಗಿಸುತ್ತಾಳೆ. ನಗುತ್ತೇನೆ. ಅವಳು ಮೂರು ದಿನ ಉಪವಾಸ ಇದ್ದದ್ದು ನೆನಪಾದರೆ ಮಾತ್ರ ನನ್ನ ನಗು ಅರ್ಧಕ್ಕೇ ನಿಲ್ಲುತ್ತದೆ.