ಸ್ಪಿರಿಟ್ ವಾಸನೆ

ಗೌತಮ ಕುಡಿದಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಕೇಳಿದವರ ಮುಂದೆ ‘ಗೊತ್ತಿಲ್ಲ’ ಅಂದೆ. ಅವನ ಕೆಲಸ ಹೋಯಿತು, ಹೆಸರು ಹೋಯಿತು, ಅವನ ಅಪ್ಪನ ತಲೆ ತಗ್ಗಿತು. ನನ್ನದು ಮಾತ್ರ ಏನೂ ಹೋಗಲಿಲ್ಲ.

ಮೊಬೈಲ್ ಟವರುಗಳನ್ನೂ ನೆಲದೊಳಗಿನ ಕೇಬಲ್ಲನ್ನೂ ನೋಡಿಕೊಳ್ಳುವ ಒಂದು ಗುತ್ತಿಗೆ ಕಂಪನಿಯಲ್ಲಿ ನಾವು ಫೀಲ್ಡ್ ಎಂಜಿನಿಯರುಗಳು. ಸಿಂಧನೂರು, ಮಸ್ಕಿ, ಲಿಂಗಸುಗೂರು — ಮೂರು ತಾಲ್ಲೂಕಿಗೂ ಸೇರಿ ಬೆರಳೆಣಿಕೆಯ ಮಂದಿ. ರಾತ್ರಿ ಪಾಳಿ ಮಾಡಿದವನನ್ನು ಮರುದಿನ ಹಗಲು ಕೆಲಸಕ್ಕೆ ಕಳಿಸಬಾರದು ಎಂಬ ನಿಯಮವಿತ್ತು. ವಯಸ್ಸಿನಲ್ಲಿ ಹಿರಿಯನೆಂದು ಪಾಳಿ ಹಂಚುವ ಕೆಲಸ ನನಗೇ ಕೊಟ್ಟಿದ್ದರು. ನನ್ನ ಪಾಲಿನ ರಾತ್ರಿಗಳನ್ನು ನಾನು ಗೌತಮನ ಮೇಲೆ ಹಾಕುತ್ತಿದ್ದೆ — ಒಮ್ಮೆ ಅವ್ವನಿಗೆ ಹುಷಾರಿಲ್ಲ ಎಂದು, ಇನ್ನೊಮ್ಮೆ ನೆಂಟರ ಮದುವೆ ಎಂದು. ಅವನು ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ. “ಆತು ವೀರೇಶಣ್ಣ, ನಾ ನೋಡ್ಕೋತೀನಿ” ಅನ್ನುತ್ತಿದ್ದ. ನನ್ನನ್ನು ನಂಬುತ್ತಿದ್ದ — ಹಾಗೆ ನಂಬುವವನು ಸಿಕ್ಕಿದ್ದು ನನಗೆ ಅನುಕೂಲವಾಗಿತ್ತು.

ಅವನ ಮನೆ ಮಸ್ಕಿಯಲ್ಲಿ. ಅಪ್ಪ ಹನುಮಂತಪ್ಪನವರು ನಿವೃತ್ತ ಮೇಷ್ಟ್ರು. ಭಾನುವಾರ ಬುದ್ಧ ವಿಹಾರದಲ್ಲಿ ಮುಂದೆ ನಿಂತು ಎಲ್ಲರಿಗೂ ಪಂಚಶೀಲ ಹೇಳಿಸುವವರು. ಮದ್ಯ ಮುಟ್ಟುವುದಿಲ್ಲ ಎಂಬುದು ಅದರಲ್ಲಿ ಕೊನೆಯದು. ಆ ಮನೆಯಲ್ಲಿ ಅದು ಬರೀ ಬಾಯಿಮಾತಾಗಿರಲಿಲ್ಲ.

ಆ ದಿನ ಬೆಳಗಿನ ಪಾಳಿ ನನ್ನದು. ನನ್ನ ಹೆಂಡತಿಯ ತಮ್ಮ ಹೊಸ ಕಾರು ತಂದು ಸಿಂಧನೂರಿನ ನಮ್ಮ ಮನೆ ಮುಂದೆ ನಿಲ್ಲಿಸಿದ್ದ. ಪೂಜೆಗೆ ನಿಂಬೆಹಣ್ಣು, ಕುಂಕುಮ; ತಿನ್ನಲು ಒಗ್ಗರಣೆ-ಮಿರ್ಚಿ. ಎಲ್ಲರೂ ಕಾರಿನಲ್ಲಿ ಒಂದು ಸುತ್ತು ಹೋಗಿ ಬರೋಣ ಎಂಬ ಮಾತಾಗಿತ್ತು. ಅಷ್ಟರಲ್ಲಿ ಕಚೇರಿಯಿಂದ ಫೋನು — ದಢೇಸುಗೂರಿನ ಹತ್ತಿರ ಕಾಲುವೆ ಹೂಳು ತೆಗೆಯುವ ಜೆಸಿಬಿ ನಮ್ಮ ಕೇಬಲ್ ಕಿತ್ತು ಹಾಕಿದೆ, ಸುತ್ತಲ ಊರುಗಳಲ್ಲಿ ಸಿಗ್ನಲ್ ಇಲ್ಲ, ಬೇಗ ಹೋಗಿ.

ನಾನು ಗೌತಮನಿಗೆ ಫೋನು ಮಾಡಿ, ದಢೇಸುಗೂರಿಗೆ ಹೋಗು ಅಂದೆ. ಅವನು ಮುದಗಲ್ಲಿನ ಟವರಿನಲ್ಲಿ ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಮನೆಗೆ ಹೊರಟಿದ್ದ.

“ಕಣ್ಣು ಎಳಿಯಾಕತ್ಯಾವು ಅಣ್ಣ. ರಾತ್ರಿ ಪೂರಾ ಜನರೇಟರ್ ಕೈ ಕೊಟ್ಟಿತ್ತು, ಒಂದು ಗಳಿಗಿ ಕುಂತಿಲ್ಲ” ಅಂದ.

“ನನಗ ಜ್ವರ ಬಂದಾವಪಾ, ಏಳಾಕ ಆಗವಲ್ದು. ಮಾರಿ ತೊಳ್ಕೊಂಡು ಚಾ ಕುಡ್ದು ಹೋಗು. ಸಣ್ಣ ಕೆಲಸ ಅದು.”

“ಆತು ಅಣ್ಣ. ನೀ ಆರಾಮ ಮಾಡು.”

ದಢೇಸುಗೂರಿಗೆ ಹೋಗಬೇಕಾದರೆ ಅವನು ಮಸ್ಕಿಯನ್ನು ದಾಟಿಯೇ ಹೋಗಬೇಕು. ತನ್ನ ಊರು, ತನ್ನ ಹಾಸಿಗೆ — ಎಲ್ಲ ಬಿಟ್ಟು ಮುಂದೆ ಬಂದ. ಸಿಂಧನೂರು ತಲುಪಿ ಮತ್ತೆ ಫೋನು ಮಾಡಿದ: “ಔಷಧಿ ಅಂಗಡಿ ಮುಂದ ಅದೀನಿ ಅಣ್ಣ. ಗುಳಿಗಿ ತಗೊಂಡು ಮನಿಗಿ ಕೊಟ್ಟು ಹೋಗ್ಲೇನು?”

ನಾನಾಗ ಕಾರಿನ ಮುಂದಿನ ಸೀಟಿನಲ್ಲಿ ಕುಳಿತಿದ್ದೆ. “ಬ್ಯಾಡಪಾ, ಅದಾವು” ಅಂದೆ. ಗಾಜು ಏರಿಸಿಕೊಂಡೆ.

ಕೇಬಲ್ಲನ್ನು ಅವನು ಸರಿಯಾಗಿಯೇ ಜೋಡಿಸಿದ. ಸಿಗ್ನಲ್ ಬಂತು. ವಾಪಸು ಬರುವಾಗ ಕಾಲುವೆ ದಾರಿಯಲ್ಲಿ ಕಣ್ಣು ಮುಚ್ಚಿಹೋಗಿ, ಬೈಕು ಸೇತುವೆಯ ಕಟ್ಟೆಗೆ ಬಡಿಯಿತು. ಬಲಗಾಲು ಜಜ್ಜಿಹೋಯಿತು. ಹೊಲದಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳು ಓಡಿ ಬಂದು ಎತ್ತಿದರು. ಎತ್ತಿದವರೆಲ್ಲ ಒಂದೇ ಮಾತು ಹೇಳಿದರು — ಮೈಯೆಲ್ಲ ಸೆರೆ ವಾಸನೆ.

ಹೆಂಡದ ವಾಸನೆಯಲ್ಲ ಅದು. ಕೇಬಲ್ಲಿನ ಒಳಗಿನ ಗಾಜಿನ ಎಳೆಗಳನ್ನು ಜೋಡಿಸುವ ಮೊದಲು ಸ್ಪಿರಿಟ್‌ನಿಂದ ಒರೆಸಬೇಕು. ಆ ಬಾಟಲಿ ನಮ್ಮೆಲ್ಲರ ಚೀಲದಲ್ಲೂ ಇರುತ್ತದೆ, ಅವನದು ಒಡೆದು ಅಂಗಿಯೆಲ್ಲ ತೊಯ್ದಿತ್ತು. ಆಸ್ಪತ್ರೆಯಲ್ಲಿ ಕಾಲು ಉಳಿಸುವ ಗಡಿಬಿಡಿ, ರಕ್ತ ಪರೀಕ್ಷೆಯ ಮಾತು ಯಾರೂ ಎತ್ತಲಿಲ್ಲ.

ವಿಚಾರಣೆಗೆ ಬಂದ ಕಂಪನಿಯ ಸಾಹೇಬರಿಗೆ ನಮ್ಮ ಕೆಲಸದ ಗಂಧವಿರಲಿಲ್ಲ. ಲಿಂಗಸುಗೂರಿನ ಕಚೇರಿಯಲ್ಲಿ ನನ್ನನ್ನು ಕೂರಿಸಿಕೊಂಡು ಕೇಳಿದರು.

“ಸ್ಪಿರಿಟ್ ಬಾಟ್ಲಿ ಒಡದೈತಿ ಅಂತಾನ. ಖರೇನು? ಕುಡ್ದಿದ್ನೋ ಏನು?”

ಹೌದು ಸರ್, ಸ್ಪಿರಿಟ್ಟೇ ಎಂದರೆ ಮುಗಿಯುತ್ತಿತ್ತು. ಆದರೆ ಅಲ್ಲಿಗೇ ಮುಗಿಯುತ್ತಿರಲಿಲ್ಲ — ಹಾಗಾದರೆ ಯಾಕೆ ಬಿದ್ದ? ನಿದ್ದೆಗೆಟ್ಟು. ನಿದ್ದೆಗೆಟ್ಟವನನ್ನು ಕಳಿಸಿದವರು ಯಾರು? ಪಾಳಿ ಯಾರದಿತ್ತು? ಆ ಪ್ರಶ್ನೆಗಳೆಲ್ಲ ನನ್ನ ಕಡೆಗೇ ಬರುವುದು ನನಗೆ ಕಾಣಿಸಿತು.

“ನನಗ ಗೊತ್ತಿಲ್ರೀ ಸರ್” ಅಂದೆ.

ಸಾಹೇಬರು ತಲೆಯಾಡಿಸಿದರು. ಅವರಿಗೂ ಅಷ್ಟೇ ಬೇಕಾಗಿತ್ತೇನೋ. ಕುಡುಕನೊಬ್ಬ ಬಿದ್ದರೆ ಯಾರ ಪಾಳಿಯನ್ನೂ ಕೆದಕಬೇಕಾಗಿಲ್ಲ.

ಆಸ್ಪತ್ರೆಗೆ ಹೋದಾಗ ಗೌತಮ ನನ್ನ ಕೈ ಹಿಡಿದುಕೊಂಡ. “ನೀ ಕಳಿಸಿದ್ದು ನಾ ಯಾರ ಮುಂದೂ ಹೇಳಿಲ್ಲಣ್ಣ. ಜ್ವರದಾಗ ಇದ್ದಿ, ನಿನಗ್ಯಾಕ ತ್ರಾಸು. ನಾ ಕುಡ್ದಿಲ್ಲ ಅಂತ ನೀ ಆದ್ರೂ ನಂಬ್ತಿಯಲ್ಲ?”

“ನಂಬ್ತೀನಿ” ಅಂದೆ — ನನ್ನ ಜೀವನದಲ್ಲಿ ಇಷ್ಟು ಹೊಲಸಾದ ನಿಜವನ್ನು ನಾನು ಬೇರೆ ಎಂದೂ ಹೇಳಿಲ್ಲ.

ಅವನನ್ನು ಕೆಲಸದಿಂದ ತೆಗೆದರು. ಹನುಮಂತಪ್ಪನವರು ವಿಹಾರದಲ್ಲಿ ಮುಂದೆ ನಿಲ್ಲುವುದನ್ನು ಬಿಟ್ಟರು. ಯಾರೂ ಬಿಡಿಸಲಿಲ್ಲ, ತಾವೇ ಹಿಂದೆ ಹೋಗಿ ಗೋಡೆಗೊರಗಿ ಕುಳಿತರು. ಮಗನನ್ನು ಅವರು ನಂಬಿದ್ದರೋ ಇಲ್ಲವೋ — ಅಪ್ಪ-ಮಗ ಅದನ್ನು ಬಾಯಿಬಿಟ್ಟು ಆಡಿಕೊಳ್ಳಲೇ ಇಲ್ಲವಂತೆ. ಗೌತಮ ಈಗ ಮಸ್ಕಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ, ಕೋಲು ಊರಿ ನಡೆಯುತ್ತಾನೆ. ನನಗೆ ಬಡ್ತಿ ಸಿಕ್ಕಿತು. ನನ್ನ ಕೈಕೆಳಗಿನ ಯಾರನ್ನೂ ರಾತ್ರಿ ಪಾಳಿಯ ಮೇಲೆ ಹಗಲಿಗೆ ಕಳಿಸುವುದಿಲ್ಲ. ಮನುಷ್ಯತ್ವ ಇರುವ ಸಾಹೇಬ ಅನ್ನುತ್ತಾರೆ.

ಕಳೆದ ಮಳೆಗಾಲದಲ್ಲಿ ಹನುಮಂತಪ್ಪನವರು ತೀರಿಕೊಂಡರು. ಅವರು ಹೋದ ಮೇಲೆ ನನಗೆ ಧೈರ್ಯ ಬಂತು — ಎಂಥ ಧೈರ್ಯ ಅದು! ಮಸ್ಕಿಗೆ ಹೋಗಿ ಗೌತಮನ ಮುಂದೆ, ಅವನ ಹೆಂಡತಿ ಸುಜಾತಾಳ ಮುಂದೆ ಎಲ್ಲವನ್ನೂ ಹೇಳಿದೆ. ಜ್ವರ ಸುಳ್ಳು ಎಂದೆ. ಕಾರಿನ ಮಾತನ್ನೂ ಬಿಡಲಿಲ್ಲ.

ಗೌತಮ ಕೋಲು ಊರಿ ಎದ್ದು ನಿಂತ. ಆಮೇಲೆ, “ನೀವು ಇನ್ನ ಹೋಗ್ರಿ” ಅಂದ. ಅಣ್ಣ ಅನ್ನಲಿಲ್ಲ, ನೀ ಅನ್ನಲಿಲ್ಲ. ಯಾರೋ ಗಿರಾಕಿಗೆ ಹೇಳಿದ ಹಾಗೆ ‘ರಿ’ ಹಚ್ಚಿ ಹೇಳಿದ.

ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಸುಜಾತಾ ಬಾಗಿಲಿಗೆ ಬಂದಳು. ಅಳುತ್ತಿರಲಿಲ್ಲ. “ನಾಕು ಗ್ವಾಡಿ ನಡುವ ಹೇಳಿದ್ರ ಏನಾತ್ರಿ? ಅವರನ್ನ ಕುಡುಕ ಅಂದಾಕಿ ನಾನಲ್ಲ, ಊರು. ಊರಾಗ ಹೇಳ್ರಿ.”

ಅದಕ್ಕೇ ಇದನ್ನು ಬರೆದೆ. ಕಂಪನಿಗೂ ಬರೆದು ಕಳಿಸಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ಈ ಭಾನುವಾರ ಮಸ್ಕಿಯ ವಿಹಾರಕ್ಕೆ ಹೋಗಿ, ಮಾತಾಡಲು ಬಿಟ್ಟರೆ, ಎಲ್ಲರೆದುರು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ — ಕೇಳುವುದಾದರೆ ಮೊದಲು ಹನುಮಂತಪ್ಪನವರನ್ನು ಕೇಳಬೇಕಿತ್ತು. ಅವರು ಬದುಕಿದ್ದಷ್ಟು ದಿನವೂ ನಾನು ಅದೇ ದಾರಿಯಲ್ಲಿ, ಅವರ ಮನೆಯ ಮುಂದೆಯೇ, ಕಂಪನಿಯ ಜೀಪಿನಲ್ಲಿ ಓಡಾಡುತ್ತಿದ್ದೆ. ಒಂದು ದಿನವೂ ಇಳಿಯಲಿಲ್ಲ.