ಸಮುದ್ರವಿಲ್ಲದ ಊರಿನ ಹಡಗಿನ ಏಜೆಂಟರು

ಮಾತು ಕೇಳುವಾಗ ಅವರು ಎಡಗಣ್ಣು ಮುಚ್ಚಿಕೊಳ್ಳುತ್ತಿದ್ದರು. ಬಲಗಣ್ಣು ಮಾತಾಡುವವರ ಮುಖದ ಮೇಲೇ ಇರುತ್ತಿತ್ತು, ಹುಬ್ಬು ಒಂದಿಷ್ಟು ಮೇಲಕ್ಕೆ. ಹೊಸದಾಗಿ ನೋಡಿದವರಿಗೆ ಇದೇನು ಈ ವಯಸ್ಸಿನಲ್ಲಿ ಕಣ್ಣು ಹೊಡೆಯುತ್ತಿದ್ದಾರಲ್ಲ ಎಂದು ಗಾಬರಿ. ನಮ್ಮ ಬೀದಿಯ ಹೆಂಗಸರಿಗೆ ಅದು ಅಭ್ಯಾಸವಾಗಿಹೋಗಿತ್ತು. ಯಾರಾದರೂ ಸುಳ್ಳು ಹೇಳಿದರೆ ಮಾತ್ರ ಆ ಮುಚ್ಚಿದ ಕಣ್ಣೂ ತೆರೆಯುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಪರೀಕ್ಷೆ ಮಾಡಲೆಂದೇ ನಾನು ಒಂದೆರಡು ಸುಳ್ಳು ಹೇಳಿ ನೋಡಿದ್ದೇನೆ. ಅಮ್ಮ ಹೇಳಿದ್ದು ನಿಜ.

ಮೈಸೂರಿನ ಲಕ್ಷ್ಮೀಪುರಂನಲ್ಲಿ ನಮ್ಮ ಎದುರು ಮನೆ ಅವರದು. ಬೀದಿಗೆಲ್ಲ ಅವರು ಏಜೆಂಟರು. ವಿಲಾಯತಿಗೋ ಸಿಂಹಳಕ್ಕೋ ರಂಗೂನಿಗೋ ಹೋಗುವವರು ಅವರ ಜಗಲಿಗೆ ಬಂದರೆ ಹಡಗಿನ ಟಿಕೀಟು ಕೊಡಿಸಿ, ಮನೆಮಂದಿಯಲ್ಲಿ ಯಾರು ಯಾವ ಕ್ಯಾಬಿನ್ನಿನಲ್ಲಿ ಮಲಗಬೇಕೆಂದು ಗೊತ್ತುಮಾಡಿ ಕಳಿಸುತ್ತಿದ್ದರು. ಕುಕ್ಕರಹಳ್ಳಿ ಕೆರೆಗೆ ಯಾವಾಗ ಹಡಗು ಬಿಡಿಸುತ್ತೀರಿ ಎಂದು ನಮ್ಮ ಚಿಕ್ಕಪ್ಪ ಅವರನ್ನು ಕಾಡುವುದಿತ್ತು. ಏಜೆಂಟರು ಸ್ವತಃ ಹಡಗು ಹತ್ತಿದವರೇ ಅಲ್ಲ. ಶ್ರೀರಂಗಪಟ್ಟಣದ ಹತ್ತಿರ ಹರಿಗೋಲಿನಲ್ಲಿ ಕೂತು, ನಡುಹೊಳೆ ಬರುವಷ್ಟರಲ್ಲಿ ವಾಂತಿ ಮಾಡಿಕೊಂಡಿದ್ದನ್ನು ತಾವೇ ಹೇಳಿಕೊಂಡು ನಗುತ್ತಿದ್ದರು. ಭಾನುವಾರ ಹೆಂಡತಿಯ ಜೊತೆ ಚರ್ಚಿಗೆ ಹೋಗುವಾಗ ಇಸ್ತ್ರಿ ಮಾಡಿದ ಷರಾಯಿ. ಉಳಿದ ದಿನ ಪಂಚೆ, ಅದರ ಮೇಲೊಂದು ಸವೆದ ಕರಿ ಕೋಟು, ಕೋಟಿನ ಜೇಬಿನಲ್ಲಿ ಸೀಮೆಸುಣ್ಣ.

ಮೇಷ್ಟರೂ ಅಲ್ಲದವರಿಗೆ ಸೀಮೆಸುಣ್ಣ ಯಾಕೆಂದು ನನಗೆ ಬಹಳ ಕಾಲ ಕುತೂಹಲವಿತ್ತು. ಅದು ಗೊತ್ತಾದದ್ದು ನಾವೇ ರಂಗೂನಿಗೆ ಹೊರಟಾಗ.

ನನಗೆ ಹನ್ನೆರಡನೆಯ ವಯಸ್ಸಿಗೇ ಮದುವೆಯಾಗಿತ್ತು. ನಮ್ಮ ಯಜಮಾನರ ಕಡೆಯವರೂ ನಮ್ಮ ಹಾಗೆ ಮೂಲದಲ್ಲಿ ಹಳ್ಳಿಯ ಒಕ್ಕಲು ಮನೆಯವರು. ಧಾರೆಯಾದ ವರ್ಷವೇ ಅವರಿಗೆ ರಂಗೂನಿನ ಮರದ ಡಿಪೋದಲ್ಲಿ ಗುಮಾಸ್ತೆ ಕೆಲಸ ಸಿಕ್ಕಿ ಹೊರಟುಹೋದರು. ನಾನು ತವರಿನಲ್ಲೇ ಉಳಿದು ಸ್ಕೂಲಿಗೆ ಹೋದೆ. ಬಾಸಿಂಗದ ಮರೆಯಲ್ಲಿ ಒಂದು ಮೂಗು ನೋಡಿದ ನೆನಪು ಬಿಟ್ಟರೆ ಗಂಡನೆಂದರೆ ಏನೂ ಗೊತ್ತಿಲ್ಲ. ನನಗೆ ಹದಿನೆಂಟು ತುಂಬಿದಾಗ, ಕಳಿಸಿಕೊಡಿ ಎಂದು ಅಲ್ಲಿಂದ ಹೇಳಿಕಳಿಸಿದರು. ಅಪ್ಪ, ಎಲ್ಲರೂ ಹೋಗೋಣ, ಊರು ನೋಡಿದ ಹಾಗೂ ಆಯಿತು, ಇವಳನ್ನು ಬಿಟ್ಟು ಬಂದ ಹಾಗೂ ಆಯಿತು ಎಂದರು. ಅಜ್ಜಿಗೂ ಚಿಕ್ಕಪ್ಪ ಚಿಕ್ಕಮ್ಮನಿಗೂ ಸಂಭ್ರಮವೋ ಸಂಭ್ರಮ. ಇವಳನ್ನು ಬಿಟ್ಟು ಬರುವಾಗ ಅದು ತರಬೇಕು, ಇವಳನ್ನು ಬಿಟ್ಟು ಬಂದಮೇಲೆ ಇದು ಮಾಡಬೇಕು. ಹೋಗುತ್ತೀಯಾ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೂ ತಿಳಿಯದು. ಆ ಮೂಗಿನ ಹಿಂದೆ ಎಂಥ ಮನುಷ್ಯನಿದ್ದಾನೆಂದು ನೋಡುವ ಆಸೆ ಇತ್ತು. ಆದರೆ ಮೂಟೆಯ ಹಾಗೆ ನನ್ನನ್ನು ಅಲ್ಲಿ ಇಳಿಸಿ ಬರುತ್ತಾರೆಂದು ನೆನೆದಾಗಲೆಲ್ಲ ಟ್ರಂಕಿಗೆ ಮಡಿಸಿಟ್ಟ ಸೀರೆಗಳನ್ನು ಮತ್ತೆ ಹೊರಗೆ ತೆಗೆದಿಡುತ್ತಿದ್ದೆ.

ಒಂದು ಸಂಜೆ ಏಜೆಂಟರು ನಮ್ಮ ಮನೆಗೆ ಬಂದರು. ನಡುಮನೆಯ ಚಾಪೆಗಳನ್ನು ತೆಗೆಸಿ, ಮಂಡಿಯೂರಿ ಕೂತು, ಜೇಬಿನ ಸೀಮೆಸುಣ್ಣದಿಂದ ನೆಲದ ಮೇಲೆ ದೊಡ್ಡ ದೊಡ್ಡ ಚೌಕ ಬರೆದರು. ಅವೇ ಕ್ಯಾಬಿನ್ನುಗಳು. ಒಳಗೆ ಮಲಗುವ ಹಲಗೆಗಳು, ಅಂದರೆ ಅವರ ಮಾತಿನಲ್ಲಿ ಬರ್ತು. ಇಲ್ಲಿ ಬಾಗಿಲು, ಇಲ್ಲಿ ಗುಂಡು ಕಿಟಕಿ ಎಂದು ಗುರುತು ಹಾಕಿ, ಮಲಗಿ ನೋಡಿ ಹೇಳಿ ಎಂದರು. ಕ್ಯಾಬಿನ್ ಗೊತ್ತುಮಾಡುವ ಅವರ ಕ್ರಮವೇ ಅದು. ಯಾರ ಪಕ್ಕ ಯಾರಿಗೆ ಸರಿಹೋಗುತ್ತದೆಂದು ಬಾಯಿ ಹೇಳುವುದಿಲ್ಲ, ಮೈ ಹೇಳುತ್ತದೆ ಎಂಬುದು ಅವರ ನಂಬಿಕೆ. ಅಪ್ಪ ಪೇಟ ತೆಗೆದಿಟ್ಟು ನೆಲದ ಮೇಲೆ ಗಂಭೀರವಾಗಿ ಅಂಗಾತ ಮಲಗಿದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಚಿಕ್ಕಮ್ಮ ಗೆರೆಯೊಳಗೆ ಮಲಗಿದವಳು ನಿಜವಾಗಿ ನಿದ್ದೆ ಹೋಗಿ ಗೊರಕೆ ಹೊಡೆದಳು. ಚಿಕ್ಕಪ್ಪ ತಮ್ಮ ಬರ್ತನ್ನು ಮೆಲ್ಲಗೆ ಅಪ್ಪನ ಚೌಕಕ್ಕೆ ಬದಲಾಯಿಸಿಕೊಂಡರು.

ಅಜ್ಜಿ ಮಾತ್ರ ಮಲಗಿದವಳೇ ಎದ್ದು ಕೂತಳು. “ಬಡಗಲು ದಿಕ್ಕಿಗೆ ತಲೆ ಮಡಗಿ ಎಂಗಪ್ಪ ಮನೀಕಳಾದು?”

“ಹಡಗು ಗಳಿಗೆಗೊಂದು ದಿಕ್ಕಿಗೆ ತಿರುಗುತ್ತೆ ಕಣಮ್ಮ. ಪಾಪ ಬಂದರೆ ಕ್ಯಾಪ್ಟನ್ನಿಗೆ ಬರುತ್ತೆ, ನೀವು ಮಲಕ್ಕೊಳ್ಳಿ,” ಎಂದರು ಏಜೆಂಟರು. ಅಜ್ಜಿ, ಅವನಿಗೂ ಹೆಂಡತಿ ಮಕ್ಕಳಿರುತ್ತಾರಲ್ಲ ಎಂದು ನಿಟ್ಟುಸಿರು ಬಿಟ್ಟು ಮಲಗಿದಳು.

ನಾನು ಗೆರೆಗಳ ಹೊರಗೆ ಗೋಡೆಗೆ ಒರಗಿ ನಿಂತಿದ್ದೆ. ಏಜೆಂಟರು ನನ್ನ ಕಡೆ ತಿರುಗಿ, ನೀನೆಲ್ಲಿ ಮಲಗುತ್ತೀಯಮ್ಮ ಎಂದು ಕೇಳಿದರು.

ಅಪ್ಪ ಮಲಗಿದಲ್ಲಿಂದಲೇ ಉತ್ತರ ಕೊಟ್ಟರು. “ಅವಳು ಅವರಮ್ಮನ ಜೊತೆ ಇರ್ತಾಳೆ ಬುಡಿ.”

“ನಾನು ಮಗೂನ ಕೇಳ್ದೆ, ಸ್ವಾಮಿ.”

ಹೀಗೆಂದು ಎಡಗಣ್ಣು ಮುಚ್ಚಿ ಕಾದರು. ಆ ಮನೆಯಲ್ಲಿ ಒಬ್ಬರು ನನ್ನ ಉತ್ತರಕ್ಕಾಗಿ ಕಾದದ್ದು ಅದೇ ಮೊದಲು. ನನಗೇ ಗೊತ್ತಿಲ್ಲದೆ ಬಾಯಿಂದ ಬಂತು: “ಒಬ್ಬಳೇ.”

ಚಿಕ್ಕಮ್ಮನಿಗೆ ಎಚ್ಚರವಾಯಿತು. ವಯಸ್ಸಿಗೆ ಬಂದ ಹುಡುಗಿ ಹಡಗಿನಲ್ಲಿ ಒಬ್ಬಳೇ ಮಲಗುವುದುಂಟೇ ಎಂದು ಅಪ್ಪ ರೇಗಿದರು. ಏಜೆಂಟರು ವಾದಕ್ಕೆ ಹೋಗಲಿಲ್ಲ. ಹಿರಿಯರಿಗೆ ರಾತ್ರಿ ಏಳುವಾಗ ಕೈಹಿಡಿಯಲು ಇಬ್ಬರು ಸೊಸೆಯರೂ ಹತ್ತಿರವಿದ್ದರೆ ವಾಸಿಯಲ್ಲವೇ ಎಂದು ಅಜ್ಜಿಯನ್ನು ಕೇಳಿದರು. ಇಬ್ಬರು ಸೊಸೆಯರ ಸೇವೆ ಎಂದರೆ ಅಜ್ಜಿಗೆ ಬೇಡವೇ. ಮೂರು ಬರ್ತಿನ ಚೌಕವೊಂದು ಬಂತು, ಅದಕ್ಕೆ ಅಂಟಿಕೊಂಡ ಹಾಗೆ ಪುಟ್ಟದೊಂದು ಚೌಕ ನನಗೆ. ಗೋಡೆ ತಟ್ಟಿದರೆ ಅಮ್ಮನಿಗೆ ಕೇಳಿಸುತ್ತದೆ, ಬಾಗಿಲಿಗೆ ಒಳಗಿನಿಂದ ಚಿಲಕವಿದೆ ಎಂದು ಅಪ್ಪನಿಗೆ ಸಮಾಧಾನ ಹೇಳಿದರು. ಅಪ್ಪ ಹೆತ್ತ ತಾಯಿಗೆ ಎದುರಾಡುವವರಲ್ಲ, ಅಂತೂ ಒಪ್ಪಿದರು.

ಹೊರಡುವ ದಿನ ಏಜೆಂಟರು ಸ್ಟೇಷನ್ನಿಗೆ ಬಂದಿದ್ದರು. ಹಡಗಿನಲ್ಲಿ ತಲೆ ತಿರುಗಿದರೆ ಮೂಸಿ ನೋಡಲು ಒಂದು ಚೀಲ ನಿಂಬೆಹಣ್ಣನ್ನು ಅಮ್ಮನ ಕೈಗೆ ಕೊಟ್ಟು, ನಾನು ಕೂತಿದ್ದ ಕಿಟಕಿಗೆ ಬಂದರು. ಮೆಲ್ಲಗೆ ಹೇಳಿದರು: “ಎಲ್ಲರೂ ವಾಪಸ್ ಬರೋ ಹಡಗಲ್ಲಿ ನಿನಗೂ ಒಂದು ಬರ್ತು ಹಿಡಿದಿಟ್ಟಿದ್ದೀನಿ. ಬೇಕು ಅನ್ನಿಸಿದ್ರೆ ಹತ್ತಿ ಬಾ. ಬೇಡ ಅನ್ನಿಸಿದ್ರೆ ಅದು ಖಾಲಿ ಬರಲಿ ಬುಡು. ನಿಮ್ಮಪ್ಪಂಗೆ ನಾನು ಹೇಳ್ಕೋತೀನಿ.” ನಾನು ಏನಾದರೂ ಹೇಳುವ ಮೊದಲೇ ಚಿಕ್ಕಪ್ಪನ ಹತ್ತಿರ ಹೋಗಿ ನಾವು ಹಡಗು ಹತ್ತಬೇಕಾದ ಮದರಾಸಿನ ಬಿಸಿಲಿನ ಮಾತು ತೆಗೆದರು.

ನಮ್ಮ ಮನೆಯಲ್ಲಿ ಚಿಲಕವೆಂದರೆ ಬೀದಿ ಬಾಗಿಲಿಗೆ ಮತ್ತು ಬಚ್ಚಲಿಗೆ. ಹಡಗಿನಲ್ಲಿ ನನ್ನ ಬಾಗಿಲಿನ ಚಿಲಕ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಗುಂಡು ಕಿಟಕಿಯಿಂದ ನೀರು ನೋಡುತ್ತ ಕೂತೆ. ಏನೇ ಸುಮ್ಮನೆ ಕೂತಿದ್ದೀಯ ಎಂದು ಕೇಳುವವರಿಲ್ಲ. ಮೊದಮೊದಲು ಭಯವಾಯಿತು, ಆಮೇಲೆ ಆ ಭಯವೂ ನನ್ನದೇ ಎನ್ನಿಸಿ ಹಿತವಾಯಿತು. ಮಾರನೆಯ ದಿನ ಮಧ್ಯಾಹ್ನ ಅಮ್ಮ ಬಂದಳು. ಅಜ್ಜಿಯೂ ಚಿಕ್ಕಮ್ಮನೂ ಮಲಗಿದ್ದರಂತೆ. ಒಳಗೆ ಬಂದವಳು ತಾನೇ ಚಿಲಕ ಹಾಕಿ, ನನ್ನ ಬರ್ತಿನ ಮೇಲೆ ಕಾಲು ಚಾಚಿ ಕೂತು, ಗುಂಡು ಕಿಟಕಿಯಾಚೆಯ ನೀರು ನೋಡಿದಳು. ಆಮೇಲೆ, “ಒಬ್ಬಳೇ ಇದ್ರೆ ಹಿಂಗಿರುತ್ತಾ,” ಎಂದಳು. ಆಗ ವಾಪಸು ಬರ್ತಿನ ವಿಷಯ ಅವಳಿಗೆ ಹೇಳಿದೆ. ಬಯ್ಯುತ್ತಾಳೆಂದುಕೊಂಡಿದ್ದೆ. ಅವಳು ನನ್ನ ತಲೆಗೂದಲು ಬಿಚ್ಚಿ ಹೆಣೆಯುತ್ತ, “ನೀನು ಬರೋದಾದ್ರೆ ಬಾ. ನಿಮ್ಮಪ್ಪನ್ನ ನಾನು ನೋಡ್ಕೋತೀನಿ,” ಎಂದಳು. ನಮ್ಮಮ್ಮ ಅಪ್ಪನ ಮುಂದೆ ದನಿಯೆತ್ತಿದ್ದನ್ನೇ ನಾನು ಕಂಡಿರಲಿಲ್ಲ. ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ರಂಗೂನಿನಲ್ಲಿ ಯಜಮಾನರು ನಮ್ಮನ್ನು ಇಳಿಸಿಕೊಂಡರು. ಮೂಗು ನಾನು ನೆನಪಿಟ್ಟುಕೊಂಡದ್ದೇ, ಕಿವಿ ಮಾತ್ರ ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಹದಿನೈದು ದಿನ ಊರು ತೋರಿಸಿದರು. ಮಾತು ಕಡಿಮೆ. ಒಂದು ದಿನ ನದಿಯ ದಂಡೆಯಲ್ಲಿ ಉಳಿದವರು ಮುಂದೆ ಹೋದಾಗ, ವಾಪಸು ಹೋಗುವ ಹಡಗಿನಲ್ಲಿ ನನಗೂ ಒಂದು ಜಾಗ ಇದೆ ಎಂದು ಅವರಿಗೆ ನೇರವಾಗಿ ಹೇಳಿದೆ. ಅವರು ತಲೆಯಾಡಿಸಿದರು, ಹಡಗು ಎಂದು ಹೊರಡುತ್ತದೆಂದು ಮಾತ್ರ ಕೇಳಿದರು. ಕೋಪವೋ ದುಃಖವೋ ಆ ಮುಖದಲ್ಲಿ ನನಗೆ ಓದಲಾಗಲಿಲ್ಲ.

ಹೊರಡುವ ಬೆಳಿಗ್ಗೆ ಅಪ್ಪ ಅಮ್ಮ ಎಲ್ಲರೂ ಬಂದರಿನಲ್ಲಿ ನಿಂತಿದ್ದೆವು. ಯಜಮಾನರು ಬೇರೆ ಗಾಡಿಯಲ್ಲಿ ತಡವಾಗಿ ಬಂದರು, ಗಾಡಿಯ ಮೇಲೆ ನನ್ನ ಟ್ರಂಕು. “ಹೋಗೋದಾದ್ರೆ ಆಮೇಲೆ ಬಟ್ಟೆಬರೆಗೆ ಒದ್ದಾಡೋದು ಬೇಡ ಅಂತ ತಂದೆ,” ಎಂದರು. ದೊಡ್ಡ ಕಿವಿಗಳೆರಡೂ ಕೆಂಪಾಗಿದ್ದವು. ಅಪ್ಪ ಏನೂ ಅರ್ಥವಾಗದೆ ಒಬ್ಬೊಬ್ಬರ ಮುಖ ನೋಡುತ್ತಿದ್ದರು. ಟ್ರಂಕು ಗಾಡಿಯಲ್ಲೇ ಇರಲಿ ಎಂದೆ ನಾನು. ಅಮ್ಮ ಹಡಗಿನಿಂದ ಕೈ ಬೀಸುವಾಗ ಅಳುತ್ತಿರಲಿಲ್ಲ, ನಾನೂ ಅಳಲಿಲ್ಲ. ನನ್ನನ್ನು ಯಾರೂ ಅಲ್ಲಿ ಬಿಟ್ಟು ಬರಲಿಲ್ಲ. ನಾನೇ ಉಳಿದುಕೊಂಡೆ.

ಚೊಚ್ಚಲ ಬಾಣಂತನಕ್ಕೆ ಮೈಸೂರಿಗೆ ಬಂದಾಗ ಎದುರು ಮನೆಗೆ ಹೋದೆ. ಏಜೆಂಟರು ಮೊದಲು ಕೇಳಿದ್ದು, ಕ್ಯಾಬಿನ್ನಿನಲ್ಲಿ ಗಾಳಿ ಬರುತ್ತಿತ್ತೇ ಎಂದು. ಆ ಬರ್ತು ಖಾಲಿ ಬಂದದ್ದಕ್ಕೆ ಕಂಪನಿಯವರು ಬೈದರೇ ಎಂದು ನಾನು ಕೇಳಿದೆ. ಚೆನ್ನಾಗಿ ಬೈದರು ಎಂದು ನಕ್ಕರು. ನನಗೆ ತಡೆಯಲಾಗದೆ, ಯಾಕೆ ಹಾಗೆ ಮಾಡಿದಿರಿ ಎಂದೆ.

“ಎಲ್ಲರೂ ಮಲಗಿ ನೋಡಿದ್ರು. ನೀನೊಬ್ಬಳು ನಿಂತೇ ಇದ್ದೆ ಕಣಮ್ಮ,” ಎಂದರು. ಅಷ್ಟೇ.

ಯುದ್ಧ ಹತ್ತಿರ ಬಂತೆಂದು ನಾವು ಸಂಸಾರ ಸಮೇತ ಊರಿಗೆ ಮರಳಿದಾಗ ಏಜೆಂಟರು ತೀರಿಕೊಂಡು ತಿಂಗಳುಗಳೇ ಆಗಿದ್ದವು. ಅವರ ಹೆಂಡತಿಯ ಜೊತೆ ಸಮಾಧಿಗೆ ಹೋಗಿ ಹೂವಿಟ್ಟು ಬಂದೆ.

ಮುಂದೆ ನನ್ನ ದೊಡ್ಡ ಮಗಳನ್ನು ನೋಡಲು ಗಂಡಿನವರು ಬಂದರು. ಒಳ್ಳೆಯ ಮನೆತನ, ಹುಡುಗನೂ ಲಕ್ಷಣವಾಗಿದ್ದ. ಯಜಮಾನರಿಗೆ ಒಪ್ಪಿಗೆ, ನನಗೂ ಒಪ್ಪಿಗೆ, ಅಮ್ಮ ಆಗಲೇ ಸಕ್ಕರೆಯ ಬಟ್ಟಲು ತರಲು ಎದ್ದಿದ್ದಳು. ನಾನು ಎಲ್ಲರ ಎದುರಿಗೇ ಮಗಳನ್ನು ಕೇಳಿ, ಅವಳು ಬಾಯಿ ಬಿಡುವವರೆಗೂ ಕಾದೆ. ಅವಳು ಬೇಡ ಎಂದಳು. ಬಂದವರಿಗೆ ಇನ್ನೊಂದು ಸಲ ಕಾಫಿ ಕೊಟ್ಟು, ಕೈಮುಗಿದು ಕಳಿಸಿದೆವು.