ಮೂರನೇ ಗುಂಡಿ

ನಮ್ಮ ಕಾರ್ಮಿಕ ಸಂಘದ ತೀರಿಕೊಂಡ ಸಂಗಾತಿಗಳ ಬಗ್ಗೆ ನಾನು ಬರೆದ ಸಂತಾಪದ ಮಾತುಗಳನ್ನು ಒಟ್ಟು ಮಾಡಿದರೆ ಒಂದು ಪುಸ್ತಕವಾದೀತು. ಅದರಲ್ಲಿ ಎಲ್ಲರೂ ಒಳ್ಳೆಯವರೇ. ನಾವು ಹಳದಿ ಎಂದು ಕರೆಯುತ್ತಿದ್ದವನ ಬಗ್ಗೆ ಹಾಗೆ ಬರೆದರೆ ಅವನೇ ಎದ್ದು ಬಂದು ಉಗಿದಾನು. ಅವನು ಸಿಡುಕ, ಹಟಮಾರಿ, ಎದುರಿಗೆ ಸಿಕ್ಕವರನ್ನು ಕೆಣಕದೆ ಮುಂದೆ ಹೋದವನಲ್ಲ. ಕೊನೆಯ ಆರು ವರ್ಷ ನಮ್ಮ ಬ್ಲಾಕಿನ ಮಕ್ಕಳು ಅವನನ್ನು ಕಂಡರೆ ಓಡುತ್ತಿದ್ದವು. ತಾಯಂದಿರು ಬೆನ್ನ ಹಿಂದೆ ಹಿಡಿಶಾಪ ಹಾಕುತ್ತಿದ್ದರು. ಯಾಕೆ ಹಾಗಿದ್ದಾನೆ ಎಂದು ಗೊತ್ತಿದ್ದವನು ನಾನೊಬ್ಬನೇ.

ನಮ್ಮದು ಸೈಕಲ್ ಬಿಡಿಭಾಗಗಳ ಕಾರ್ಖಾನೆ. ಹ್ಯಾಂಡಲ್, ರಿಮ್ಮು, ಬೆಲ್ಲಿನ ಮುಚ್ಚಳ. ಇವಕ್ಕೆಲ್ಲ ಕ್ರೋಮಿನ ಹೊಳಪು ಕೊಡುವ ಪ್ಲೇಟಿಂಗ್ ಶೆಡ್ಡಿನಲ್ಲಿ ಅವನು ಇಪ್ಪತ್ತಾರು ವರ್ಷ ದುಡಿದ. ಆಸಿಡ್ ತೊಟ್ಟಿಗೆ ಹ್ಯಾಂಡಲುಗಳನ್ನು ಇಳಿಸಿ, ಗಡಿಯಾರ ನೋಡದೆ, ಮೇಲೆ ಏಳುವ ಗುಳ್ಳೆಯ ಸದ್ದು ಕೇಳಿಯೇ ತೆಗೆಯುತ್ತಿದ್ದ. ಕನ್ನಡಿಯ ಹಾಗೆ ಬರುತ್ತಿದ್ದವು. ಬೆರಳುಗಳು ಎರಡನೇ ಗೆಣ್ಣಿನ ತನಕ ಹಳದಿ. ಅದರಿಂದಲೇ ಹೆಸರು ಬಂತು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಮಗಳ ಮದುವೆಯ ದಿನ ಬೀಗರ ಮುಂದೆ ಅವನು ಕೈಯನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲವಂತೆ. ಆ ಹಬೆ ಉಸಿರಾಡಿ ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆ ತೂತಾಗಿತ್ತು. ಅಲ್ಲಿನ ಹಳಬರಿಗೆಲ್ಲ ಆಗುತ್ತಿತ್ತು. ಹೊಸದಾಗಿ ಸೇರಿದವರ ಎದುರು ಒಂದು ಹೊಳ್ಳೆಗೆ ದಾರ ತೂರಿಸಿ ಇನ್ನೊಂದರಿಂದ ಎಳೆದು ತೋರಿಸುತ್ತಿದ್ದ. ನಾವು ನಗುತ್ತಿದ್ದೆವು. ಸಂಘದ ಕಾರ್ಯದರ್ಶಿಯಾಗಿದ್ದ ನಾನೂ ನಕ್ಕಿದ್ದೇನೆ. ಬೋನಸ್ಸಿಗೆ ಗೇಟಿನ ಮುಂದೆ ಹನ್ನೊಂದು ದಿನ ಕೂತವರು ನಾವು. ಆ ತೂತಿಗಾಗಿ ಒಂದು ಗಂಟೆಯೂ ಕೂರಲಿಲ್ಲ.

ತೊಟ್ಟಿಯ ಕೆಟ್ಟ ನೀರು ಶೆಡ್ಡಿನ ಹಿಂದಿನ ಗುಂಡಿಗಳಿಗೆ ಹೋಗುತ್ತಿತ್ತು. ಎರಡು ಗುಂಡಿಗಳಿಗೆ ಒಳಗೆ ಇಟ್ಟಿಗೆ ಕಟ್ಟಿದ್ದರು. ಅವು ತುಂಬಿದಾಗ ಮ್ಯಾನೇಜರು ಅವಸರಕ್ಕೆ ಮೂರನೆಯದನ್ನು ತೋಡಿಸಿದ. ಅದಕ್ಕೆ ಇಟ್ಟಿಗೆ ಇಲ್ಲ, ಗಾರೆ ಇಲ್ಲ, ಬರೀ ಮಣ್ಣು. ತೋಡಿದವರು ಮೂವರು. ಅವರಲ್ಲಿ ಆಮೇಲೂ ಬದುಕಿ ಉಳಿದಿದ್ದವನು ಹಳದಿ ಒಬ್ಬನೇ.

ಹಿಂದಿನ ಓಣಿಯ ಬಾವಿಯ ನೀರು ಬಣ್ಣ ತಿರುಗಿದಾಗ ಇನ್‌ಸ್ಪೆಕ್ಟರು ಬಂದ. ಗುಂಡಿ ಖಾಲಿ ಮಾಡಿ, ಇಲ್ಲದಿದ್ದರೆ ಬೀಗ ಹಾಕುತ್ತೇನೆ ಎಂದ. ಎರಡು ಗುಂಡಿಗಳನ್ನು ಟ್ಯಾಂಕರಿನಲ್ಲಿ ಬಳಿದು ಸಾಗಿಸಿದರು. ಮೂರನೆಯದು ಇದೆ ಎಂದು ಒಪ್ಪಿಕೊಂಡರೆ ಕಾರ್ಖಾನೆ ಮುಚ್ಚುತ್ತಾರೆ, ನಾನೂರು ಜನ ಬೀದಿಗೆ ಬೀಳುತ್ತಾರೆ ಎಂದು ಮ್ಯಾನೇಜರು ನನ್ನನ್ನು ಕರೆದು ಹೇಳಿದ. ಆ ಮನುಷ್ಯನ ಯಾವ ಮಾತನ್ನೂ ನಾನು ಅಲ್ಲಿಯವರೆಗೆ ನಂಬಿದವನಲ್ಲ. ಇದೊಂದನ್ನು ನಂಬಿದೆ. ಮೂರನೇ ಗುಂಡಿಯ ಮೇಲೆ ಮಣ್ಣು ಹಾಕಿ, ಕಾಂಕ್ರೀಟು ಸುರಿದು, ಸೈಕಲ್ ಸ್ಟ್ಯಾಂಡು ಮಾಡಿದರು. ಇದ್ದದ್ದು ಎರಡೇ ಗುಂಡಿ, ಎರಡನ್ನೂ ನಮ್ಮ ಕಣ್ಣೆದುರೇ ತೊಳೆದರು ಎಂದು ಸಂಘದ ಕಾಗದದಲ್ಲಿ ನಾನೇ ಕೈಯಾರೆ ಬರೆದೆ. ಶೆಡ್ಡಿನ ಹಿರಿಯ ಕೆಲಸಗಾರ ಎಂದು ಹಳದಿಯಿಂದ ಸಹಿ ಹಾಕಿಸಿದೆ. ಅವನು ಹಿಂದುಮುಂದು ನೋಡಿದ. ಕೆಲಸ ಉಳಿಸೋದು ಮೊದಲು, ನೀರಿನ ಮಾತು ಆಮೇಲೆ ಎಂದು ನಾನು ಗದರಿದೆ. ಮಾಲೀಕನ ಸುಳ್ಳಿಗೆ ಕಾರ್ಮಿಕ ಸಂಘದ ಮೊಹರು ಬಿತ್ತು. ಆ ದಿನ ನಮಗೆ ಅದು ಗೆಲುವಿನ ಹಾಗೆ ಕಂಡಿತ್ತು, ಟೀ ತರಿಸಿ ಕುಡಿದೆವು.

ನಾಲ್ಕು ವರ್ಷಕ್ಕೆ ಕಾರ್ಖಾನೆ ಮುಚ್ಚಿತು. ಗುಂಡಿಗೂ ಅದಕ್ಕೂ ಸಂಬಂಧವಿರಲಿಲ್ಲ. ಮಾಲೀಕನ ಮಕ್ಕಳಿಗೆ ಸೈಕಲ್ಲಿಗಿಂತ ಜಾಗದ ಮೇಲೆ ಕಣ್ಣು ಬಿದ್ದಿತ್ತು.

ಮುಂದಿನ ಒಂಬತ್ತು ವರ್ಷ ಆ ಜಾಗಕ್ಕಾಗಿ ಬಡಿದಾಡಿದೆವು. ಕಟ್ಟುವ ಕಂಪನಿಯವರು ಚಂದದ ನಕ್ಷೆ ತಂದರು: ಮೇಲೆ ಮನೆ, ಕೆಳಗೆ ಅಂಗಡಿ, ನಡುವೆ ಆಫೀಸು, ನಡೆದಾಡಲು ಮರಗಳ ಸಾಲು. ನಕ್ಷೆಯಲ್ಲಿ ನಾಯಿ ಹಿಡಿದುಕೊಂಡು ಓಡಾಡುವ ಹೆಂಗಸರಿದ್ದರು, ನಾವಿರಲಿಲ್ಲ. ಬುಲ್ಡೋಜರಿನ ಮುಂದೆ ಮಲಗಿ, ಲಾಕಪ್ಪು ಕಂಡು, ಕೊನೆಗೆ ನಲವತ್ತೆಂಟು ಮನೆಗಳ ಒಂದು ಬ್ಲಾಕನ್ನು ಕಾರ್ಮಿಕರಿಗೆಂದು ಬರೆಸಿಕೊಂಡೆವು. ಕಂಪನಿ ನಮಗೆ ಕೊಟ್ಟದ್ದು ಪ್ಲೇಟಿಂಗ್ ಶೆಡ್ಡಿನ ಹಿಂದಿನ ಮೂಲೆಯನ್ನು. ನಕ್ಷೆಯಲ್ಲಿ ಮೂರನೇ ಗುಂಡಿಯ ಜಾಗದ ಮೇಲೆ ನಾನು ಬೆರಳಿಟ್ಟು ನೋಡಿದ್ದೆ. ನೋಡಿ, ಬೆರಳು ತೆಗೆದಿದ್ದೆ.

ಹಳದಿ ಸುಮ್ಮನಿರಲಿಲ್ಲ. ಮಣ್ಣು ಪರೀಕ್ಷೆಗೆ ಬಂದಿದ್ದ ಇಂಜಿನಿಯರ್ ಹುಡುಗಿಯ ಹತ್ತಿರ ತಾನೇ ಹೋಗಿ, ನೀವು ಎರಡು ಕಡೆ ತೋಡಿದ್ದೀರಿ, ಇನ್ನೊಂದಿದೆ ಎಂದು ಹೇಳಿದ. ಕಾರ್ಖಾನೆಯ ಹಳೇ ಚಿಮಣಿಯನ್ನು ಅಂದಕ್ಕೆಂದು ಉಳಿಸಿಕೊಂಡಿದ್ದರಲ್ಲ, ಅದರ ಬುಡದಿಂದ ಅರವತ್ತು ಹೆಜ್ಜೆ ಎಣಿಸಿ ಕಾಲಿನಿಂದ ನೆಲ ಒದ್ದು ತೋರಿಸಿದ. ಆಕೆ ಒಳ್ಳೆಯವಳು, ಬರೆದುಕೊಂಡು ಆಫೀಸಿಗೆ ಒಯ್ದಳು. ಆಫೀಸಿನವರು ಹಳೇ ಫೈಲು ತೆಗೆದರು. ಅದರಲ್ಲಿ ನನ್ನ ಕಾಗದವಿತ್ತು.

ಮರುದಿನ ನಮ್ಮಿಬ್ಬರನ್ನೂ ಕರೆಸಿದರು. ತಗಡಿನ ಆಫೀಸು, ಮೇಜಿನ ಮೇಲೆ ಕಾಗದ. ಇದು ನಿಮ್ಮ ಅಕ್ಷರವೇ ಎಂದು ಕಂಪನಿಯವನು ನನ್ನನ್ನು ಕೇಳಿದ. ಮುಂದಿನ ತಿಂಗಳು ಪಾಯ ತೆಗೆಯುವುದಿತ್ತು. ಮಣ್ಣು ಕೆಟ್ಟಿದೆ ಎಂದು ಹೊರಬಿದ್ದರೆ ಮತ್ತೆ ಕೋರ್ಟು, ಮತ್ತೆ ಮೂರು ವರ್ಷ. ಕಾದವರಲ್ಲಿ ಆಗಲೇ ಹದಿನಾಲ್ಕು ಜನ ತೀರಿಹೋಗಿದ್ದರು.

"ನನ್ನದೇ ಅಕ್ಷರ," ಎಂದೆ. "ಇದ್ದದ್ದು ಎರಡೇ ಗುಂಡಿ. ಇವನಿಗೆ ವಯಸ್ಸಾಯ್ತು, ಮರೆವು."

ಹಳದಿ ನನ್ನ ಮುಖ ನೋಡಿದ. ಇಂಜಿನಿಯರ್ ಹುಡುಗಿ ಅವನ ಮುಖ ನೋಡಿದಳು. ಅವನು ಎದ್ದು ಹೊರಗೆ ಹೋದ. ಹೊರಗೆ ಜಲ್ಲಿಯ ರಾಶಿಯ ಮೇಲೆ ಕೂತು ಬೀಡಿ ಹಚ್ಚಿದ್ದ. ನಾನು ಪಕ್ಕದಲ್ಲಿ ನಿಂತೆ.

"ಲೀಡರೇ, ಅವತ್ತು ನೀವು ಬರೆದ್ರಿ, ನಾನು ಸೈನ್ ಹಾಕಿದೆ. ಅದರಲ್ಲಿ ಅರ್ಧ ನಂದು. ಇವತ್ತಿಂದು ಪೂರ್ತಿ ನಿಮ್ದು."

"ಇನ್ನೂ ಮೂರು ವರ್ಷ ಅಂದ್ರೆ ಆ ಮನೆಗಳಿಗೆ ಯಾರಯ್ಯಾ ಬರ್ತಾರೆ? ಫೋಟೋಗಳಾ?"

"ಫೋಟೋಗಳಿಗೆ ಮೂಗು ತೂತಾಗಲ್ಲ ಬಿಡಿ," ಎಂದು ಬೀಡಿ ಹೊಸಕಿದ.

ಹಳಬರು ನಾಲ್ಕೈದು ಜನರ ಹತ್ತಿರ ಅವನು ಹೋಗಿ ಹೇಳಿದ್ದು ನನಗೆ ಆಮೇಲೆ ತಿಳಿಯಿತು. ಕೀಲಿ ಕೈಗೆ ಬರುವ ತನಕ ಬಾಯಿ ಹೊಲಿದುಕೊಂಡಿರು ಎಂದರಂತೆ ಒಬ್ಬರು. ಇನ್ನೊಬ್ಬರು ಲೀಡರಿಗಿಂತ ನಿನಗೆ ಹೆಚ್ಚು ಗೊತ್ತೇ ಎಂದರಂತೆ. ಒಂಬತ್ತು ವರ್ಷ ಅವರಿಗೆ ನನ್ನ ಮಾತನ್ನು ನಂಬಲು ಕಲಿಸಿದವನು ನಾನೇ.

ಮನೆಗಳು ಎದ್ದವು. ಚೀಟಿ ಎತ್ತಿದೆವು. ಹಳದಿಗೆ ಮೂರನೇ ಮಹಡಿ ಬಂತು. ಬೆಳಕು, ಗಾಳಿ, ಚಿಮಣಿಯಾಚೆ ಊರೆಲ್ಲ ಕಾಣುವ ಕಿಟಕಿ. ನೆಲಮಹಡಿಯ ನಾಲ್ಕನೇ ಮನೆ ಪ್ಯಾಕಿಂಗ್ ವಿಭಾಗದಲ್ಲಿದ್ದ, ನಾವೆಲ್ಲ ಅಕ್ಕ ಎನ್ನುತ್ತಿದ್ದ ಹೆಂಗಸಿಗೆ ಬಂತು. ಅವಳ ಮಗಳು ತುಂಬು ಬಸುರಿ. ಹಳದಿ ಮತ್ತೆ ಚಿಮಣಿಯ ಬುಡಕ್ಕೆ ಹೋಗಿ ಹೆಜ್ಜೆ ಎಣಿಸಿಕೊಂಡು ಬಂದ. ಅರವತ್ತನೇ ಹೆಜ್ಜೆ ಆ ನಾಲ್ಕನೇ ಮನೆಯ ಗೋಡೆಗೆ ಮುಟ್ಟಿತು. ಅದೇ ಸಂಜೆ ಅಕ್ಕನ ಮನೆಗೆ ಹೋಗಿ, ನನಗೆ ಮಂಡಿ ನೋವು, ಮೆಟ್ಟಿಲು ಹತ್ತಲಾಗದು, ಮನೆ ಬದಲಾಯಿಸಿಕೊಳ್ಳೋಣ ಎಂದು ಕೇಳಿದ. ಮಂಡಿ ಕಬ್ಬಿಣದ ಹಾಗಿದ್ದ ಮನುಷ್ಯ. ಅವಳು ಸಂತೋಷದಿಂದ ಒಪ್ಪಿದಳು. ಅವನ ಮಗಳು ಮಾತ್ರ ಸಿಟ್ಟಾದಳು. ಪುಸ್ತಕದ ಬೈಂಡಿಂಗ್ ಕೆಲಸ ಮಾಡುತ್ತ ಊರಿನ ಆ ತುದಿಯ ಒಂದೇ ಕೋಣೆಯಲ್ಲಿದ್ದವಳು, ಅಪ್ಪನ ಮಹಡಿ ಮನೆಯ ಮೇಲೆ ಆಸೆ ಇಟ್ಟುಕೊಂಡಿದ್ದಳು.

ಆರು ವರ್ಷ ಅವನು ಆ ಮನೆಯಲ್ಲಿ ಒಬ್ಬನೇ ಇದ್ದ. ಹೆಂಡತಿ ಮೊದಲೇ ತೀರಿಹೋಗಿದ್ದಳು. ಎರಡನೇ ಮಳೆಗಾಲಕ್ಕೆ ಹಿಂದಿನ ಕೋಣೆಯ ಗೋಡೆಯ ಬುಡದಲ್ಲಿ ನಿಂಬೆಹಣ್ಣಿನ ಬಣ್ಣದ ಕಲೆ ಎದ್ದಿತು. ನನ್ನನ್ನು ಕರೆದು ತೋರಿಸಿದ. ನಾನು ನೋಡಿ ಮನೆಗೆ ಬಂದೆ. ಅವನೇ ಕೆರೆದು, ಸಿಮೆಂಟು ಮೆತ್ತಿ, ಸುಣ್ಣ ಬಳಿದ. ಪ್ರತಿ ವರ್ಷ ಅದೇ ಕೆಲಸ. ಬಾಗಿಲ ಮುಂದಿನ ಜಾಗ ನೆರಳಿನದು. ಮಕ್ಕಳು ಮಣ್ಣಾಟಕ್ಕೆ ಅಲ್ಲಿಗೇ ಬರುತ್ತಿದ್ದವು. ಕೋಲು ಹಿಡಿದು ಓಡಿಸುತ್ತಿದ್ದ. ಒಂದು ಮಗುವಿನ ಕೈಯ ಮಣ್ಣನ್ನು ಕಸಿದು ಎಸೆದನೆಂದು ಅದರ ತಾಯಿ ಬ್ಲಾಕಿನ ಸಂಘಕ್ಕೆ ದೂರು ಕೊಟ್ಟಳು. ಅದಕ್ಕೂ ನಾನೇ ಅಧ್ಯಕ್ಷ. ಮುದುಕನಿಗೆ ಬುದ್ಧಿ ಹೇಳುತ್ತೇನೆ ಎಂದು ಆಕೆಯನ್ನು ಸಮಾಧಾನ ಮಾಡಿ ಕಳಿಸಿದೆ.

ಮೊಮ್ಮಗಳನ್ನೂ ಅವನು ಹೊಸಿಲು ದಾಟಿಸಲಿಲ್ಲ. ಮಗಳು ಮಗುವನ್ನು ಕರೆತಂದಾಗಲೆಲ್ಲ ಬಾಗಿಲಲ್ಲೇ ಅಡ್ಡ ನಿಂತು, ನಾನೇ ನಿಮ್ಮ ಮನೆಗೆ ಬರ್ತೀನಿ ನಡಿ ಎನ್ನುತ್ತಿದ್ದ. ಯಾಕೆ ಎಂದರೆ ಹೇಳುತ್ತಿರಲಿಲ್ಲ. ಹೇಳಿದರೆ ಅವಳು ಸುಮ್ಮನಿರುವವಳಲ್ಲ, ಬ್ಲಾಕೆಲ್ಲ ಎದ್ದೀತು, ನನ್ನ ಹೆಸರು ಹೊರಬಿದ್ದೀತು. ಎದುರಿಗೆ ನನ್ನನ್ನು ಅಷ್ಟು ಅಂದವನು ಮಗಳ ಮುಂದೆ ಬಿಟ್ಟುಕೊಡಲಿಲ್ಲ. ಅದನ್ನು ಇವತ್ತಿಗೂ ಅರಗಿಸಿಕೊಳ್ಳಲು ನನ್ನಿಂದ ಆಗಿಲ್ಲ. ಕೊನೆಗೊಂದು ದಿನ ಮಗಳು, ನಾವು ಅಷ್ಟು ಹೇಸಿಗೆಯಾದ್ರೆ ಇನ್ನು ಬರಲ್ಲ ಎಂದು ಹೋದವಳು ಬರಲೇ ಇಲ್ಲ. ಇವನು ಹೋದರೂ ಬಾಗಿಲು ತೆಗೆಯಲಿಲ್ಲ. ಎರಡು ವರ್ಷ ಮಾತಿರಲಿಲ್ಲ. ಆಮೇಲೆ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಐದೇ ದಿನ.

ಅವನು ಹೋಗಿ ತಿಂಗಳಾಗಿತ್ತು. ದುಡಿಯಲು ಹೋಗುವ ತಾಯಂದಿರು, ನೆಲಮಹಡಿಯ ಆ ಮನೆ ಸಿಕ್ಕರೆ ಹಗಲು ಹೊತ್ತು ಕೂಸುಗಳನ್ನು ಬಿಡಲು ಅನುಕೂಲ ಎಂದು ಸಂಘದ ಸಭೆಗೆ ಬಂದರು. ಹಳದಿಯ ಮಗಳೂ ಬಂದಿದ್ದಳು, ಕೀಲಿ ಕೈಯಲ್ಲಿತ್ತು. ಅಪ್ಪ ಒಂದು ಮಗುವನ್ನೂ ಹತ್ತಿರ ಸೇರಿಸಲಿಲ್ಲ, ಅವನ ಮನೆಯಲ್ಲಾದರೂ ಮಕ್ಕಳು ಆಡಿಕೊಂಡಿರಲಿ, ಬಾಡಿಗೆ ಬೇಡ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷರೂ ಒಂದು ಮಾತು ಹೇಳಲಿ ಎಂದು ನನ್ನ ಕಡೆ ತಿರುಗಿದರು.

ನಾನು ಎದ್ದು ಹೇಳಿದೆ. ಗುಂಡಿ, ಕಾಗದ, ತಗಡಿನ ಆಫೀಸು, ಚೀಟಿ, ಮಂಡಿ ನೋವು, ಎಲ್ಲ.

ಪ್ಯಾಕಿಂಗ್ ಅಕ್ಕನ ಮಗಳು ತನ್ನ ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಹಳದಿಯ ಮಗಳು ಕೂತಲ್ಲಿಂದ ಏಳಲಿಲ್ಲ, ದನಿ ಏರಿಸಲಿಲ್ಲ.

"ಅಪ್ಪ ಸಾಯೋ ಹಿಂದಿನ ದಿನ ಆಸ್ಪತ್ರೆಯಿಂದ ಫೋನ್ ಬಂತು. ನಾನು ಎತ್ತಲಿಲ್ಲ. ನಿಮಗೆ ಒಂದು ತಿಂಗಳ ಹಿಂದೆ ಬಾಯಿ ಬರಲಿಲ್ವಾ, ಮಾಮ?"

ಅವಳು ಚಿಕ್ಕಂದಿನಿಂದ ನನ್ನನ್ನು ಮಾಮ ಎಂದೇ ಕರೆಯುತ್ತಿದ್ದಳು. ಅವಳು ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟುಹೋದಳು.

ಮೂರು ಗುಂಡಿಗಳಿದ್ದವು ಎಂದು ಈಗ ಬರೆದುಕೊಟ್ಟಿದ್ದೇನೆ. ಕಂಪನಿ ನಮ್ಮ ಬ್ಲಾಕು ಬಿಟ್ಟು ಉಳಿದ ಜಾಗವನ್ನೆಲ್ಲ ಬೇರೆಯವರಿಗೆ ಮಾರಿ ಹೋಗಿದೆ. ಹೊಸಬರು ಪರಿಶೀಲಿಸುತ್ತೇವೆ ಎಂದಿದ್ದಾರೆ. ಆ ಇಂಜಿನಿಯರ್ ಹುಡುಗಿ ಎಲ್ಲಿದ್ದಾಳೋ ಗೊತ್ತಿಲ್ಲ. ಬ್ಲಾಕಿನಲ್ಲಿ ನನ್ನನ್ನು ಯಾರೂ ಬೈಯುತ್ತಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮೂರನೇ ಮನೆಯವನೂ ಐದನೇ ಮನೆಯವಳೂ ಮಾತ್ರ ದಿನಾ ನನ್ನ ಬಾಗಿಲಿಗೆ ಬರುತ್ತಾರೆ. ಇಬ್ಬರದೂ ಒಂದೇ ಪ್ರಶ್ನೆ: ಗುಂಡಿ ನಾಲ್ಕನೇ ಮನೆಯ ಕೆಳಗೇ ಮುಗಿಯುತ್ತದೋ, ಗೋಡೆ ದಾಟಿ ಈಚೆಗೂ ಬಂದಿದೆಯೋ? ಅದನ್ನು ತೋಡಿದವನಿಗೆ ಗೊತ್ತಿತ್ತು. ಎಷ್ಟು ಅಗಲ ತೋಡಿದ್ದೆ ಎಂದು ನಾನು ಅವನನ್ನು ಒಂದು ದಿನವೂ ಕೇಳಿರಲಿಲ್ಲ.